ಮಳೆಗಾಲದಲ್ಲೂ ಕೂದಲು ಕೂರಬೇಕೆಂದರೆ: ಜೆಲ್, ಮೂಸ್, ಸ್ಪ್ರೇ ಮತ್ತು ಒಂದು ಹಿಡಿ ಅಗಸಿ

ಜುಲೈ ತಿಂಗಳು. ಧಾರವಾಡದ ಮನೆಯಲ್ಲಿ ಬೆಳಿಗ್ಗೆ ಎಂಟಕ್ಕೆ ಕನ್ನಡಿ ಮುಂದೆ ನಿಂತು ಕೂದಲು ಕೂರಿಸಿಕೊಂಡು ಹೊರಡುತ್ತೇನೆ. ಜುಬಿಲಿ ಸರ್ಕಲ್‌ನಲ್ಲಿ ಚಿಗರಿ ಬಸ್ ಹತ್ತುವಾಗ ಜಿಟಿಜಿಟಿ ಮಳೆ. ನವಲೂರು ದಾಟುವಾಗ ಹಣೆಯ ಮೇಲಿನ ಕೂದಲು ಆಗಲೇ ಎದ್ದು ನಿಂತಿರುತ್ತದೆ. ಹುಬ್ಬಳ್ಳಿಯ ಹೊಸೂರಿನಲ್ಲಿ ಇಳಿದು ಯಾವುದೋ ಅಂಗಡಿಯ ಗಾಜಿನಲ್ಲಿ ಮುಖ ನೋಡಿಕೊಂಡರೆ ತಲೆಯ ಮೇಲೆ ಗುಬ್ಬಿ ಗೂಡು. ಅವ್ವ ನೋಡಿದರೆ ಒಂದೇ ಪ್ರಶ್ನೆ: "ತಲಿ ಹಿಕ್ಕೊಂಡಿಲ್ಲೇನ?"

ಮೂರ್ನಾಲ್ಕು ವರ್ಷ ಇದಕ್ಕೆ ನನ್ನ ಹತ್ತಿರ ಇದ್ದ ಮದ್ದು ಒಂದೇ, ಇನ್ನೂ ಗಟ್ಟಿಯಾದ ಜೆಲ್ ಕೊಳ್ಳುವುದು. ಹುಬ್ಬಳ್ಳಿಯ ದುರ್ಗದ ಬೈಲು ಪೇಟೆಗೆ ಹೋದಾಗಲೆಲ್ಲ ಒಂದು ಹೊಸ ಡಬ್ಬಿ ಮನೆಗೆ ಬರುತ್ತಿತ್ತು. ಒಂದೂ ಕೆಲಸ ಮಾಡಲಿಲ್ಲ. ಆಮೇಲೆ ಗೊತ್ತಾಯಿತು, ನಾನು ಎಣ್ಣೆ ಹಚ್ಚಿದ ತಲೆಗೆ ಜೆಲ್ ಹಚ್ಚುತ್ತಿದ್ದೆ. ಅದೂ ಒಣ ಕೂದಲಿಗೆ. ಸ್ಕೂಟಿ ಒಯ್ಯುವ ದಿನ ಅದು ಒಣಗುವ ಮೊದಲೇ ಹೆಲ್ಮೆಟ್ ಬೇರೆ. ಹೀಗೆ ಮಾಡಿದರೆ ಎಂಥ ಡಬ್ಬಿ ತಂದರೂ ಅಷ್ಟೇ.

ಗಂಜಿಯೂ ಇಸ್ತ್ರಿಯೂ

ಕೂದಲು ಕೂರುವುದು ಹೇಗೆ ಅಂತ ನನಗೆ ಅರ್ಥವಾಗಿದ್ದು ಬಟ್ಟೆ ಇಸ್ತ್ರಿ ಮಾಡುವಾಗ. ಅಜ್ಜನದು ಖಾದಿ ಅಂಗಿ. ರಾಷ್ಟ್ರಧ್ವಜದ ಬಟ್ಟೆ ನೇಯುವ ಗರಗ ನಮ್ಮ ತಾಲೂಕಿನದೇ ಅಲ್ವಾ, ಹಾಗಾಗಿ ಮನೆಯಲ್ಲಿ ಖಾದಿಗೆ ಬರ ಇರಲಿಲ್ಲ. ಅಂಗಿಗೆ ಗಂಜಿ ಹಾಕಿ ಒಣಗಿಸಿದರೆ ಮುದುರಿಕೊಂಡು ಹಪ್ಪಳದಂತೆ ಆಗುತ್ತಿತ್ತು. ಅದಕ್ಕೆ ನೀರು ಚಿಮುಕಿಸಿ, ಸ್ವಲ್ಪ ಹೊತ್ತು ಸುತ್ತಿಟ್ಟು, ಆಮೇಲೆ ಇಸ್ತ್ರಿ. ನೀರು ಚಿಮುಕಿಸದೆ ಎಷ್ಟು ಒತ್ತಿದರೂ ಸುಕ್ಕು ಹೋಗುತ್ತಿರಲಿಲ್ಲ.

ಕೂದಲಿನದೂ ಇದೇ ಲೆಕ್ಕ. ಕೂದಲು ಅಂದರೆ ಕೆರಾಟಿನ್ ಎಂಬ ಪ್ರೋಟೀನಿನ ಉದ್ದುದ್ದ ಎಳೆಗಳು. ಈ ಎಳೆಗಳ ನಡುವೆ ಮೂರು ಥರದ ಗಂಟುಗಳಿವೆ. ಗಂಧಕದ ಗಂಟು ತುಂಬ ಬಿಗಿ. ಅದನ್ನು ಡೈಸಲ್ಫೈಡ್ ಅನ್ನುತ್ತಾರೆ, ನೀರಿಗೆ ಅದು ಜಗ್ಗುವುದಿಲ್ಲ. ಉಪ್ಪಿನ ಗಂಟು ಹುಳಿಗೂ ಕ್ಷಾರಕ್ಕೂ ಸಡಿಲವಾಗುತ್ತದೆ. ಮೂರನೆಯದು ಹೈಡ್ರೋಜನ್ ಗಂಟು. ಒಂದೊಂದೂ ಬಲು ದುರ್ಬಲ, ಆದರೆ ಲೆಕ್ಕವಿಲ್ಲದಷ್ಟಿವೆ. ನೀರು ತಾಗಿದರೆ ಬಿಚ್ಚಿಕೊಳ್ಳುತ್ತವೆ, ಒಣಗಿದರೆ ಮತ್ತೆ ಬೀಳುತ್ತವೆ. ಒಣಗುವ ಹೊತ್ತಿನಲ್ಲಿ ಕೂದಲು ಯಾವ ಆಕಾರದಲ್ಲಿತ್ತೋ ಆ ಆಕಾರವೇ ನಿಲ್ಲುತ್ತದೆ. ಒದ್ದೆ ತಲೆಯಲ್ಲಿ ಮಲಗಿ ಎದ್ದರೆ ಒಂದು ಕಡೆ ಕೂದಲು ನೆಟ್ಟಗೆ ನಿಲ್ಲುವುದು ಇದಕ್ಕೇ. ಒದ್ದೆ ಹೆರಳು ಬಿಚ್ಚಿದಾಗ ಅಲೆ ಅಲೆಯಾಗಿ ಬರುವುದೂ ಇದಕ್ಕೇ.

ಪೂರ್ತಿ ತೊಯ್ದ ಕೂದಲು ತನ್ನ ತೂಕದ ಸುಮಾರು ಶೇ 30ರಷ್ಟು ನೀರು ಹೀರುತ್ತದೆ. ಮಳೆಯಲ್ಲಿ ನೆನೆಯಲೇಬೇಕು ಅಂತೇನಿಲ್ಲ, ಗಾಳಿಯ ತೇವವೂ ಸಾಕು. ಧಾರವಾಡದ ಜುಲೈ ಗಾಳಿ ಕೂದಲೊಳಗೆ ನುಗ್ಗಿ ಬೆಳಿಗ್ಗೆ ಬಿದ್ದ ಗಂಟುಗಳನ್ನು ಒಂದೊಂದಾಗಿ ಬಿಚ್ಚುತ್ತದೆ. ಕೂದಲು ತನ್ನ ಹುಟ್ಟುಗುಣಕ್ಕೆ ವಾಪಸ್.

ಹಾಗಾಗಿ ಕೆಲಸ ಎರಡು. ಒದ್ದೆ ಮಾಡಿ, ಬೇಕಾದ ಆಕಾರದಲ್ಲಿ ಒಣಗಿಸುವುದು ಇಸ್ತ್ರಿ. ಆ ಆಕಾರ ಕದಲದಂತೆ ಮೇಲೊಂದು ಪದರ ಕೊಡುವುದು ಗಂಜಿ. ಜೆಲ್, ನೊರೆಯಂತೆ ಬರುವ ಮೂಸ್, ಸ್ಪ್ರೇ ಎಲ್ಲ ಬರೀ ಗಂಜಿ. ಇಸ್ತ್ರಿ ಮಾಡದೆ ಗಂಜಿ ಸುರಿದರೆ ಸುಕ್ಕೇ ಗಟ್ಟಿಯಾಗುತ್ತದೆ.

ಪಾರ್ಲರಿನಲ್ಲಿ ಕೂದಲು ಗುಂಗುರು ಮಾಡುವ ಪರ್ಮ್, ನೇರ ಮಾಡುವ ಸ್ಮೂದನಿಂಗ್ ಬೇರೆ ಕಥೆ. ಅಲ್ಲಿ ಮುಟ್ಟುವುದು ಗಂಧಕದ ಗಂಟನ್ನೇ. ಪರ್ಮ್‌ನಲ್ಲಿ ಥಯೋಗ್ಲೈಕೋಲೇಟ್ ಎಂಬ ರಾಸಾಯನಿಕ ಗಂಟು ಬಿಚ್ಚುತ್ತದೆ, ಹೈಡ್ರೋಜನ್ ಪೆರಾಕ್ಸೈಡ್ ಮತ್ತೆ ಕಟ್ಟುತ್ತದೆ. ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಹೊಸ ಕೂದಲು ಬೆಳೆದು ಹಳೆಯದು ಕತ್ತರಿಗೆ ಹೋಗುವವರೆಗೂ ಅದು ಹಾಗೆಯೇ. ಇಲ್ಲಿ ಹೇಳುತ್ತಿರುವುದು ತಲೆ ತೊಳೆದರೆ ಹೋಗುವ ಸೆಟ್ಟಿಂಗ್ ಬಗ್ಗೆ ಮಾತ್ರ.

ಡಬ್ಬಿಯೊಳಗೆ ಏನಿದೆ

ಅಂಗಡಿಯಲ್ಲಿ ಹತ್ತು ಹೆಸರು ಕಾಣುತ್ತವೆ. ನನ್ನ ಪ್ರಕಾರ ಜಾತಿ ಎರಡೇ, ಒಣಗುವುದು ಮತ್ತು ಒಣಗದ್ದು.

ಒಣಗುವ ಜಾತಿಯಲ್ಲಿ ಜೆಲ್, ಮೂಸ್, ಹೇರ್ ಸ್ಪ್ರೇ ಬರುತ್ತವೆ. ಇವುಗಳಲ್ಲಿ ಪಾಲಿಮರ್, ಅಂದರೆ ಉದ್ದ ಸರಪಳಿಯಂಥ ಅಣುಗಳ ವಸ್ತು ಇರುತ್ತದೆ. ನೀರೋ ಆಲ್ಕೋಹಾಲೋ ಆರಿದ ಮೇಲೆ ಅದು ತೆಳು ಪೊರೆಯಾಗಿ ಉಳಿದು ಕೂದಲಿಗೆ ಕೂದಲನ್ನು ಅಂಟಿಸುತ್ತದೆ. ಲೇಬಲ್ಲಿನಲ್ಲಿ ಪಿವಿಪಿ, ವಿಪಿ/ವಿಎ ಕೋಪಾಲಿಮರ್, ಪಾಲಿಕ್ವಾಟರ್ನಿಯಂ ಅಂತ ಕಂಡರೆ ಅದೇ ಇದು. ಈ ಪಿವಿಪಿಗೆ ಹಳೆಯ ಇತಿಹಾಸ ಇದೆ. ಜರ್ಮನಿಯ ವಾಲ್ಟರ್ ರೆಪ್ಪೆ ಎಂಬ ರಸಾಯನ ವಿಜ್ಞಾನಿ 1939ರಲ್ಲಿ ಇದಕ್ಕೆ ಪೇಟೆಂಟ್ ತೆಗೆದುಕೊಂಡ. ಎರಡನೇ ಮಹಾಯುದ್ಧದಲ್ಲಿ ಗಾಯಾಳುಗಳಿಗೆ ರಕ್ತದ ಪ್ಲಾಸ್ಮಾ ಬದಲಿಗೆ ಕೊಟ್ಟರು. ತಲೆಗೆ ಬಂದದ್ದು ಆಮೇಲೆ, 1950ರ ದಶಕದ ಹೇರ್ ಸ್ಪ್ರೇಗಳಲ್ಲಿ.

ಪಿವಿಪಿಗೆ ಒಂದು ದೌರ್ಬಲ್ಯ. ಅದು ತೇವ ಹೀರುತ್ತದೆ. ಮಳೆಗಾಲದಲ್ಲಿ ಗಿರ್ಮಿಟ್ಟಿನ ಚುರುಮುರಿ ಎರಡು ನಿಮಿಷಕ್ಕೆ ಮೆತ್ತಗಾಗುತ್ತದಲ್ಲ, ಹಾಗೆಯೇ ಪಿವಿಪಿ ಪೊರೆಯೂ ಮೆತ್ತಗಾಗಿ ಅಂಟಂಟಾಗುತ್ತದೆ. ಅದಕ್ಕೇ ವಿಎ, ಅಂದರೆ ವಿನೈಲ್ ಅಸಿಟೇಟ್ ಬೆರೆಸಿದ ಕೋಪಾಲಿಮರ್ ಬಂತು. ಅದು ತೇವಕ್ಕೆ ಇದಕ್ಕಿಂತ ಜಾಸ್ತಿ ಹೊತ್ತು ತಡೆಯುತ್ತದೆ. ಮಳೆಗಾಲಕ್ಕೆ ಕೊಳ್ಳುವಾಗ ಲೇಬಲ್ಲಿನಲ್ಲಿ ಇದನ್ನು ಹುಡುಕಿ. ಗ್ಲಿಸರಿನ್ ಹೆಸರು ಮೇಲೆಯೇ ಇದ್ದರೆ ಆ ಡಬ್ಬಿ ಕೆಳಗಿಡಿ. ಅದು ಗಾಳಿಯಿಂದ ನೀರು ಎಳೆದುಕೊಳ್ಳುವ ವಸ್ತು. ಲೇಬಲ್ಲಿನಲ್ಲಿ ಜಾಸ್ತಿ ಇರುವುದರ ಹೆಸರು ಮೊದಲು ಬರುತ್ತದೆ, ಅದು ನೆನಪಿರಲಿ.

ಒಣಗದ ಜಾತಿ ಅಂದರೆ ವ್ಯಾಕ್ಸ್, ಪೊಮೇಡ್, ಕ್ಲೇ, ಕ್ರೀಮ್. ಇವು ಜೇನುಮೇಣ, ಪೆಟ್ರೋಲಿಯಂ ಜೆಲ್ಲಿ, ಎಣ್ಣೆ ಇಂಥವುಗಳಿಂದ ಆದದ್ದು. ಕ್ಲೇಯಲ್ಲಿ ಬೆಂಟೊನೈಟ್ ಅಥವಾ ಕೆಯೊಲಿನ್ ಎಂಬ ಜೇಡಿಮಣ್ಣೂ ಇರುತ್ತದೆ, ಅದಕ್ಕೇ ಹೊಳೆಯುವುದಿಲ್ಲ. ಇವು ಪೊರೆ ಕಟ್ಟುವುದಿಲ್ಲ, ಮೇಣದ ಜಿಗುಟಿನಿಂದಲೇ ಹಿಡಿಯುತ್ತವೆ. ಕೆದರಿದರೆ ಬೆರಳಾಡಿಸಿ ಮತ್ತೆ ಕೂರಿಸಬಹುದು. ಅಜ್ಜನ ಕಾಲದ ಬ್ರಿಲ್‌ಕ್ರೀಮ್ ಈ ಮನೆತನದ್ದೇ. 1928ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿದ ಅದು ನೀರು, ಮಿನರಲ್ ಎಣ್ಣೆ, ಜೇನುಮೇಣದ ಬೆರಕೆ. ಇನ್ನೂ ಹಿಂದಕ್ಕೆ ಹೋದರೆ ನಮ್ಮ ಅಜ್ಜಿಯ ಔಡಲ ಎಣ್ಣೆ. ಅಷ್ಟು ಮಂದದ ಎಣ್ಣೆ ಹಚ್ಚಿ ಬೈತಲೆ ತೆಗೆದರೆ ಸಂಜೆವರೆಗೂ ಒಂದು ಎಳೆ ಅಲ್ಲಾಡುತ್ತಿರಲಿಲ್ಲ. ಅದೂ ಸೆಟ್ಟಿಂಗೇ!

ಸೀರಮ್ ಕೂದಲು ಹಿಡಿಯುವುದಿಲ್ಲ. ಅದು ಡೈಮೆಥಿಕೋನ್‌ನಂಥ ಸಿಲಿಕೋನ್, ಹೊಳಪಿಗೆ ಮತ್ತು ನುಣುಪಿಗೆ. ಸೀರಮ್ ಹಚ್ಚಿ "ಕೂರಲಿಲ್ಲ" ಅಂತ ಬೈದುಕೊಳ್ಳುವವರಲ್ಲಿ ನಾನೂ ಒಬ್ಬಳಾಗಿದ್ದೆ.

ಹಂತ 1: ಎಣ್ಣೆ ಇಲ್ಲದ ತಲೆ

ಒಣಗುವ ಜಾತಿಯದು ಎಣ್ಣೆಯ ಮೇಲೆ ನಿಲ್ಲುವುದಿಲ್ಲ. ಎಣ್ಣೆ ಸವರಿದ ಗೋಡೆಗೆ ಪೋಸ್ಟರ್ ಅಂಟಿಸಿದ ಹಾಗೆ. ದಿನಾ ಎಣ್ಣೆ ಹಚ್ಚುವವರು ಹಿಂದಿನ ರಾತ್ರಿ ಹಚ್ಚಿ ಬೆಳಿಗ್ಗೆ ತೊಳೆಯಿರಿ. ಸೀಗೆಕಾಯಿ, ಅಂಟವಾಳ, ಶಾಂಪೂ ಯಾವುದಾದರೂ ಸರಿ. ಮೈ ಸೋಪು ಮಾತ್ರ ಬೇಡ. ನಮ್ಮಲ್ಲಿ ಮಲಪ್ರಭಾ ನೀರು ಬರದ ದಿನ ಬೋರ್‌ವೆಲ್ ಗತಿ. ಗದಗ ಕಡೆಯ ಬೋರ್‌ವೆಲ್ ನೀರಂತೂ ಗಡಸು. ಆ ನೀರಿನ ಕ್ಯಾಲ್ಸಿಯಂ ಸೋಪಿನ ಜತೆ ಸೇರಿ ಬಕೆಟ್ಟಿನ ಅಂಚಿಗೆ ಕಟ್ಟುವ ಬಿಳಿ ಜಿಡ್ಡು ಆಗುತ್ತದೆ. ಅದೇ ಜಿಡ್ಡು ಕೂದಲಿಗೂ ಕಟ್ಟಿದರೆ ಜೆಲ್ ಹಿಡಿಯುವುದಿಲ್ಲ.

ಹಂತ 2: ಎಷ್ಟು ಒದ್ದೆ ಇರಬೇಕು

ಹಳೆ ಧೋತರವೋ ಮೆತ್ತನೆ ಹತ್ತಿ ಬಟ್ಟೆಯೋ ತೆಗೆದುಕೊಂಡು ಕೂದಲನ್ನು ಹಿಂಡಿ, ತಿಕ್ಕಬೇಡಿ. ನೀರು ತೊಟ್ಟಿಕ್ಕುವುದು ನಿಲ್ಲಬೇಕು, ಮುಟ್ಟಿದರೆ ತಂಪು ತಂಪಾಗಿ ಇರಬೇಕು. ಜೆಲ್‌ಗೂ ಮೂಸ್‌ಗೂ ಇದೇ ಹೊತ್ತು. ಗುಂಗುರು ಕೂದಲಿನವರು ಇನ್ನೂ ಸ್ವಲ್ಪ ಜಾಸ್ತಿ ಒದ್ದೆ ಇರುವಾಗಲೇ ಹಚ್ಚಿದರೆ ಸುರುಳಿಗಳು ಗೊಂಚಲಾಗಿ ನಿಲ್ಲುತ್ತವೆ. ಅಗಲ ಹಲ್ಲಿನ ಹಣಿಗೆಯಿಂದ ಈಗಲೇ ಸಿಕ್ಕು ಬಿಡಿಸಿಬಿಡಿ. ಮುಂದೆ ಹಣಿಗೆ ಮುಟ್ಟುವ ಹಾಗಿಲ್ಲ.

ಹಂತ 3: ಹಚ್ಚುವುದು

ಗಿಡ್ಡ ಕೂದಲಿಗೆ ಕಡಲೆಕಾಳಿನಷ್ಟು ಜೆಲ್, ಭುಜದವರೆಗಿನ ಕೂದಲಿಗೆ ಅದರ ಎರಡು ಮೂರು ಪಟ್ಟು. ಎರಡೂ ಅಂಗೈಗೆ ತೆಳ್ಳಗೆ ಸವರಿಕೊಂಡು ಹಿಂದಿನಿಂದ ಶುರು ಮಾಡಿ ಮುಂದಕ್ಕೆ ಬನ್ನಿ. ಹಣೆಯಿಂದ ಶುರು ಮಾಡಿದರೆ ಎಲ್ಲ ಜೆಲ್ಲೂ ಮುಂದೆಯೇ ಕೂತು ಮುಂಗೂದಲು ಕಡ್ಡಿಯಾಗುತ್ತದೆ. ಬುಡಕ್ಕೆ, ಚರ್ಮಕ್ಕೆ ಹಚ್ಚಬೇಡಿ. ಮೂಸ್ ಆದರೆ ಡಬ್ಬಿ ಅಲ್ಲಾಡಿಸಿ, ನಿಂಬೆಹಣ್ಣಿನಷ್ಟು ನೊರೆ ತೆಗೆದುಕೊಂಡು ಕೂದಲನ್ನು ಮುಷ್ಟಿಯಲ್ಲಿ ಹಿಂಡುತ್ತ ಹಚ್ಚಿ. ತೆಳ್ಳಗಿನ ಕೂದಲಿಗೆ ಮೂಸ್ ವಾಸಿ. ಜೆಲ್‌ನ ಭಾರಕ್ಕೆ ತೆಳು ಕೂದಲು ಮಲಗಿಬಿಡುತ್ತದೆ.

ಜೆಲ್ ಜತೆ ಬೇರೆ ಕ್ರೀಮ್ ಹಚ್ಚುವ ಅಭ್ಯಾಸ ಇದ್ದರೆ ಮೊದಲು ಅಂಗೈಯಲ್ಲಿ ಎರಡನ್ನೂ ಕಲಸಿ ನೋಡಿ. ಒಡೆದ ಹಾಲಿನಂತೆ ಕಾಳು ಕಾಳಾದರೆ ತಲೆಯ ಮೇಲೂ ಹಾಗೇ ಆಗುತ್ತದೆ. ಒಣಗಿದ ಮೇಲೆ ಕಾಣುವ ಬಿಳಿ ಪುಡಿಯನ್ನು ಜನ ಹೊಟ್ಟು ಅಂದುಕೊಳ್ಳುತ್ತಾರೆ. ಎಷ್ಟೋ ಸಲ ಅದು ಹೀಗೆ ಒಡೆದ ಜೆಲ್.

ಒಂದು ಅಡುಗೆಮನೆ ಪ್ರಯೋಗ ಮಾಡಿ ನೋಡಿ. ಜೆಲ್ ಮಂದವಾಗಲು ಹಾಕುವ ಕಾರ್ಬೋಮರ್ ಎಂಬ ಪಾಲಿಮರ್ ಇರುವ ಜೆಲ್ ಒಂದು ಚಮಚದಷ್ಟು ತಟ್ಟೆಗೆ ಹಾಕಿ ಚಿಟಿಕೆ ಉಪ್ಪು ಉದುರಿಸಿ ಕಲಸಿ. ನೋಡ ನೋಡುತ್ತಲೇ ನೀರಾಗುತ್ತದೆ. ಕಾರ್ಬೋಮರ್ ಎಳೆಗಳು ಒಂದನ್ನೊಂದು ದೂರ ತಳ್ಳಿಕೊಂಡು ಉಬ್ಬಿ ನಿಂತಿರುವುದರಿಂದಲೇ ಜೆಲ್ ಗಟ್ಟಿ. ಉಪ್ಪು ಬಿದ್ದರೆ ಆ ತಳ್ಳಾಟ ಕಡಿಮೆಯಾಗಿ ಕುಸಿಯುತ್ತವೆ. ಬೆವರಿನಲ್ಲೂ ಉಪ್ಪು ಇದೆ. ಬೆವರಿದ ತಲೆಗೆ ಜೆಲ್ ಹಚ್ಚಿದರೆ ಯಾಕೆ ಹಣೆಗೆ ಇಳಿಯುತ್ತದೆ ಅಂತ ಈಗ ಗೊತ್ತಾಯಿತಲ್ಲ.

ಹಂತ 4: ಒಣಗುವವರೆಗೆ ಕೈ ಕಟ್ಟಿ ಕೂರುವುದು

ಎಲ್ಲಕ್ಕಿಂತ ಕಷ್ಟದ ಹಂತ ಇದೇ. ಪೊರೆ ಕಟ್ಟುವಾಗ ಕೈಯಾಡಿಸಿದರೆ ಅದು ಹರಿಯುತ್ತದೆ. ನಾನು ತಲೆ ತೊಳೆದು, ಜೆಲ್ ಹಚ್ಚಿ, ಆಮೇಲೆ ರೊಟ್ಟಿ ಬಡಿಯಲು ಕೂರುತ್ತೇನೆ. ಕೈಗೆ ಹಿಟ್ಟು ಇದ್ದರೆ ತಲೆ ಮುಟ್ಟುವ ಚಟ ತಾನಾಗಿ ತಪ್ಪುತ್ತದೆ.

ಡ್ರೈಯರ್ ಇದ್ದರೆ ಗಾಳಿ ಕಡಿಮೆ, ಬಿಸಿ ಹದ. ಕೊನೆಯಲ್ಲಿ ಒಂದು ನಿಮಿಷ ತಣ್ಣನೆ ಗಾಳಿ. ಬಿಸಿ ಇರುವಾಗ ಮೆತ್ತಗಿರುವ ಕೂದಲು ತಣ್ಣಗಾದಾಗ ಆಕಾರ ಹಿಡಿಯುತ್ತದೆ. ಸ್ಟ್ರೇಟ್ನರ್ ಬಳಸುವವರು ಒಂದು ಮಾತು ಕೇಳಿ: ಒದ್ದೆ ಕೂದಲಿಗೆ ಅದನ್ನು ಇಡಲೇಬೇಡಿ. ಕೂದಲೊಳಗಿನ ನೀರು ಕುದ್ದು ಆವಿಯಾಗಿ ಒಳಗೇ ಗುಳ್ಳೆ ಏಳುತ್ತದೆ, ಅಲ್ಲಿಗೇ ಮುರಿಯುತ್ತದೆ. ತೆಳು ಕೂದಲಿಗೆ 150 ಡಿಗ್ರಿ ಸಾಕು, ದಪ್ಪ ಕೂದಲಿಗೆ 180ರ ಆಸುಪಾಸು. 200 ದಾಟಿಸುವ ಅಗತ್ಯ ಮನೆಯಲ್ಲಿ ಯಾರಿಗೂ ಇಲ್ಲ.

ಪೂರ್ತಿ ಒಣಗಿದ ಮೇಲೆ ಕೂದಲು ಗರಗರ ಅನ್ನುತ್ತದೆ. ಹೆದರಬೇಡಿ. ಅಂಗೈಯಲ್ಲಿ ಹಗುರಾಗಿ ಹಿಸುಕಿದರೆ ಪೊರೆ ಅಲ್ಲಲ್ಲಿ ಒಡೆದು ಕೂದಲು ಮೆತ್ತಗಾಗುತ್ತದೆ, ಆಕಾರ ಉಳಿಯುತ್ತದೆ. ಸೀರಮ್ ಬೇಕಿದ್ದರೆ ಈಗ ಎರಡು ಹನಿ.

ಹಂತ 5: ಸ್ಪ್ರೇ

ಸ್ಪ್ರೇ ಯಾವತ್ತೂ ಕೊನೆಗೆ, ಒಣ ಕೂದಲಿಗೆ. ಎರಡು ಕೂದಲು ಒಂದನ್ನೊಂದು ದಾಟುವಲ್ಲಿ ಸಣ್ಣ ಹನಿ ಕೂತು ಒಣಗಿ ಬೆಸುಗೆಯಾಗುತ್ತದೆ. ಜೆಲ್ ಉದ್ದಕ್ಕೂ ಬೆಸೆದರೆ ಸ್ಪ್ರೇ ಚುಕ್ಕಿ ಚುಕ್ಕಿಯಾಗಿ ಬೆಸೆಯುತ್ತದೆ. ತಲೆಯಿಂದ ಒಂದು ಗೇಣಿಗಿಂತ ತುಸು ದೂರ, ಅಂದರೆ 25 ಸೆಂಟಿಮೀಟರ್ ಅಂತರದಲ್ಲಿ ಹಿಡಿದು ತೆಳ್ಳಗೆ ಹೊಡೆಯಿರಿ. ಹತ್ತು ಎಣಿಸಿ, ಇನ್ನೊಂದು ಸಲ. ಹತ್ತಿರದಿಂದ ಒಂದೇ ಸಲ ಹೊಡೆದರೆ ಕೂದಲು ಒದ್ದೆಯಾಗಿ ಕುಸಿಯುತ್ತದೆ.

ಅಂಗಡಿಗೆ ಹೋಗದೆ: ಅಗಸಿ ಜೆಲ್

ಈಗ ನನ್ನ ಮೆಚ್ಚಿನ ಭಾಗ. ನಮ್ಮ ಕಡೆ ಅಗಸಿ ಅಂದರೆ ಚಟ್ನಿ. ಕಾಳು ಹುರಿದು ಪುಡಿ ಮಾಡಿ ರೊಟ್ಟಿ ಪಕ್ಕ ಇಡುವುದು. ಇದೇ ಕಾಳಿನ ಹೊರಸಿಪ್ಪೆಯಲ್ಲಿ ಲೋಳೆ ಇದೆ. ದಾಸವಾಳದ ಎಲೆ ಕಿವುಚಿದರೆ ಬರುತ್ತದಲ್ಲ, ಅದೇ ಬಗೆಯದು. ಉದ್ದ ಸರಪಳಿಯ ಸಕ್ಕರೆಗಳು ಇವು, ಒಣಗಿದರೆ ಪೊರೆ ಕಟ್ಟುತ್ತವೆ. ಪಿವಿಪಿ ಮಾಡುವ ಕೆಲಸವನ್ನೇ ಹೊಲದಲ್ಲಿ ಬೆಳೆದ ಕಾಳು ಮಾಡುತ್ತದೆ.

ಕಾಲು ಕಪ್ ಅಗಸಿಗೆ ಎರಡು ಕಪ್ ನೀರು. ಹುರಿಯಬೇಡಿ, ಪುಡಿ ಮಾಡಬೇಡಿ. ಪುಡಿ ಮಾಡಿದರೆ ಕಾಳಿನೊಳಗಿನ ಎಣ್ಣೆ ಬೆರೆತು ಜೆಲ್ ಹಾಳು. ಮಧ್ಯಮ ಉರಿಯಲ್ಲಿ ಕೈ ಬಿಡದೆ ತಿರುವಿ, ತಳ ಹಿಡಿಯುತ್ತದೆ. ಏಳೆಂಟು ನಿಮಿಷಕ್ಕೆ ಮೇಲೆ ನೊರೆ ಬಂದು, ಚಮಚ ಎತ್ತಿದರೆ ಮೊಟ್ಟೆಯ ಬಿಳಿಯಂತೆ ಎಳೆ ಬರುತ್ತದೆ. ಆ ಕ್ಷಣ ಇಳಿಸಿ. ಒಂದೆರಡು ನಿಮಿಷ ತಡ ಮಾಡಿದರೂ ಸೋಸಲು ಬರುವುದಿಲ್ಲ. ಮೊದಲ ಸಲ ನಾನು ಫೋನಿನಲ್ಲಿ ಮಾತಾಡುತ್ತ ನಿಂತು, ಪಾತ್ರೆ ತುಂಬ ಕಾಳು ಕಚ್ಚಿಕೊಂಡ ಅಂಟು ಮಾಡಿಟ್ಟಿದ್ದೆ.

ಬಿಸಿ ಇರುವಾಗಲೇ ತೆಳು ಮಲ್ ಬಟ್ಟೆಯಲ್ಲಿ ಸೋಸಿ, ಇಕ್ಕಳದಿಂದ ಒತ್ತಿ ಹಿಂಡಿ. ಆರಿದ ಮೇಲೆ ಇನ್ನೂ ಮಂದವಾಗುತ್ತದೆ. ಫ್ರಿಜ್‌ನಲ್ಲಿ ಒಂದು ವಾರ ಇರುತ್ತದೆ. ಇದರಲ್ಲಿ ಕೆಡದಂತೆ ಕಾಯುವ ವಸ್ತು ಏನೂ ಇಲ್ಲವಲ್ಲ, ಹುಳಿ ವಾಸನೆ ಬಂದರೆ ಚೆಲ್ಲಿಬಿಡಿ. ಜಾಸ್ತಿ ಮಾಡಿದ್ದರೆ ಐಸ್ ಟ್ರೇಯಲ್ಲಿ ಹಾಕಿ ಗಟ್ಟಿ ಮಾಡಿಟ್ಟು ಬೇಕಾದಾಗ ಒಂದೊಂದು ತುಂಡು ಕರಗಿಸಿಕೊಳ್ಳಬಹುದು.

ನಿಜ ಹೇಳಬೇಕೆಂದರೆ ಹಿಡಿತದಲ್ಲಿ ಇದು ಅಂಗಡಿಯ ಗಟ್ಟಿ ಜೆಲ್‌ಗೆ ಸಮ ಅಲ್ಲ. ಜೋರು ಮಳೆ ದಿನ ಸೋಲುತ್ತದೆ. ಆದರೆ ಅಲೆಗೂದಲಿಗೆ, ಬೇಸಿಗೆಯ ಒಣ ಹವೆಗೆ ಇದಕ್ಕಿಂತ ಚೆಂದದ್ದು ನಾನು ಕಂಡಿಲ್ಲ.

ಹೆಲ್ಮೆಟ್ ಇದ್ದವರಿಗೆ

ಹೆಲ್ಮೆಟ್ ಅಂದರೆ ತಲೆಗೆ ಇಸ್ತ್ರಿ ಪೆಟ್ಟಿಗೆಯೇ. ಒಳಗೆ ಬಿಸಿ, ಬೆವರಿನ ತೇವ, ಮೇಲಿಂದ ಒತ್ತಡ. ಜೆಲ್ ಹಚ್ಚಿದ ಕೂದಲು ಅದರೊಳಗೆ ಚಪ್ಪಟೆಯಾಗಿ, ಪೊರೆ ಒಡೆದು, ಪುಡಿ ಉದುರುತ್ತದೆ. ದಿನಾ ಗಾಡಿ ಓಡಿಸುವವರು ಒಣಗದ ಜಾತಿಯದನ್ನೇ ತೆಗೆದುಕೊಳ್ಳಿ, ಕ್ಲೇ ಅಥವಾ ಮ್ಯಾಟ್ ವ್ಯಾಕ್ಸ್. ಅಂಗೈಯಲ್ಲಿ ಚೆನ್ನಾಗಿ ತಿಕ್ಕಿ ಬಿಸಿ ಮಾಡಿ, ಪೂರ್ತಿ ಒಣಗಿದ ಕೂದಲಿಗೆ ಹಚ್ಚಿ. ಹೋಗಬೇಕಾದ ಕಡೆ ತಲುಪಿ ಹೆಲ್ಮೆಟ್ ತೆಗೆದ ಮೇಲೆ ಬೆರಳು ತುಸು ಒದ್ದೆ ಮಾಡಿಕೊಂಡು ಬುಡದಿಂದ ಎತ್ತಿ. ಎರಡು ನಿಮಿಷದ ಕೆಲಸ. ಕೂದಲು ಕೆಡುತ್ತದೆ ಅಂತ ಹೆಲ್ಮೆಟ್ ಹ್ಯಾಂಡಲ್ಲಿಗೆ ನೇತುಹಾಕಿಕೊಂಡು ಹೋಗುವವರಿಗೆ ನನ್ನ ಹತ್ತಿರ ಯಾವ ಸಲಹೆಯೂ ಇಲ್ಲ.

ಮದುವೆ ಮನೆಯಲ್ಲಿ

ಹಾವೇರಿಯಲ್ಲಿ ಚಿಕ್ಕಮ್ಮನ ಮಗಳ ಮದುವೆ. ಪಾರ್ಲರಿನವರು ತುರುಬು ಕಟ್ಟಿ, ಅರ್ಧ ಡಬ್ಬಿ ಸ್ಪ್ರೇ ಹೊಡೆದು, ಆಮೇಲೆ ನೀರು ಸುರಿಯುವ ಮಲ್ಲಿಗೆ ದಂಡೆ ಸುತ್ತಿದರು. ಅಕ್ಷತೆ ಬೀಳುವ ಹೊತ್ತಿಗೆ ತುರುಬು ಒಂದು ಕಡೆ ಜಾರಿತ್ತು. ಸ್ಪ್ರೇಯ ಪೊರೆ ನೀರಿಗೆ ಕರಗುತ್ತದೆ ಅನ್ನುವುದು ಅಲ್ಲಿ ಯಾರಿಗೂ ಹೊಳೆಯಲಿಲ್ಲ, ನನಗೂ.

ಹೂವನ್ನು ಮೊದಲೇ ಜಾಡಿಸಿ, ಬಟ್ಟೆಯ ಮೇಲೆ ಹರವಿ ನೀರು ಆರಲು ಬಿಡಿ. ತುರುಬಿನ ಹಿಡಿತ ಪಿನ್ನುಗಳದ್ದೇ ಆಗಿರಲಿ, ಸ್ಪ್ರೇ ಸಣ್ಣ ಕೂದಲು ಏಳದಂತೆ ನೋಡಿಕೊಂಡರೆ ಸಾಕು. ಇನ್ನೊಂದು, ಇದು ತಮಾಷೆ ಅಲ್ಲ. ಸ್ಪ್ರೇಯಲ್ಲಿ ಇರುವುದು ಆಲ್ಕೋಹಾಲ್, ಡಬ್ಬಿಯಿಂದ ಅದನ್ನು ತಳ್ಳುವುದು ಎಷ್ಟೋ ಸಲ ಅಡುಗೆ ಅನಿಲದ ಜಾತಿಯ ಗ್ಯಾಸು. ಎರಡೂ ಭಗ್ ಅಂತ ಹೊತ್ತಿಕೊಳ್ಳುತ್ತವೆ. ದೀಪ, ಆರತಿ, ಹೋಮ, ಗ್ಯಾಸ್ ಒಲೆ ಇರುವ ಕೋಣೆಯಲ್ಲಿ ಸ್ಪ್ರೇ ಹೊಡೆಯಬೇಡಿ. ಹೊಡೆದ ಮೇಲೆ ಪೂರ್ತಿ ಒಣಗುವವರೆಗೆ ಮದುಮಗಳನ್ನು ಆರತಿಗೆ ಕರೆಯಬೇಡಿ. ಡಬ್ಬಿ 50 ಡಿಗ್ರಿ ಮೀರಿದ ಬಿಸಿಗೆ ಸಿಡಿಯಬಹುದು. ಏಪ್ರಿಲ್ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಅದನ್ನು ಬಿಟ್ಟು ಹೋಗಬಾರದು.

ತೆಗೆಯುವುದು

ಹೊಸದು ಏನೇ ತಂದರೂ ಮೊಣಕೈ ಒಳಗೆ ಒಂದು ಚೂರು ಹಚ್ಚಿ ಒಂದೆರಡು ದಿನ ಬಿಟ್ಟು ನೋಡಿ. ತುರಿಸಿದರೆ, ಕೆಂಪಾದರೆ ಅದು ನಿಮಗಲ್ಲ.

ಜೆಲ್, ಮೂಸ್ ಹಚ್ಚಿದ ದಿನ ಮಲಗುವ ಮೊದಲು ತಲೆಗೆ ಸ್ವಲ್ಪ ನೀರು ತಾಗಿಸಿ ಪೊರೆ ಮೆತ್ತಗೆ ಮಾಡಿಕೊಂಡು ಆಮೇಲೆ ಹಣಿಗೆ ಆಡಿಸಿ. ಒಣ ಜೆಲ್ ಮೇಲೆ ಹಣಿಗೆ ಎಳೆದರೆ ಕೂದಲೇ ಕಿತ್ತು ಬರುತ್ತದೆ. ಪಾಲಿಕ್ವಾಟರ್ನಿಯಂ ಇರುವುದು ಹಟಮಾರಿ. ಅದಕ್ಕೆ ಧನ ವಿದ್ಯುದಂಶ, ಕೂದಲಿಗೆ ಋಣ, ಹೀಗಾಗಿ ಬರೀ ನೀರಿಗೆ ಬಿಡುವುದಿಲ್ಲ, ಶಾಂಪೂ ಬೇಕು. ವ್ಯಾಕ್ಸ್ ಮತ್ತು ಪೊಮೇಡ್‌ಗೆ ಉಪಾಯ ತಲೆಕೆಳಗು. ಒಣ ಕೂದಲಿಗೆ ಮೊದಲು ಒಂದು ಚಮಚ ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿ, ಮೇಣ ಎಣ್ಣೆಯಲ್ಲಿ ಕರಗಲಿ, ಹತ್ತು ನಿಮಿಷ ಬಿಟ್ಟು ಶಾಂಪೂ ಹಾಕಿ. ನೀರು ಆಮೇಲೆ. ನಮ್ಮ ಮನೆಯಲ್ಲಿ ಇದು ಭಾನುವಾರದ ಕಾರ್ಯಕ್ರಮ, ಎಣ್ಣೆ ತಿಕ್ಕುವ ಕೆಲಸ ಅವ್ವನದು, ಜತೆಗೆ ಬೈಗುಳ ಪುಕ್ಕಟೆ.